ಕನ್ನಡದಲ್ಲಿ ಬಾಯಿ ಬಿಡಬೇಡಿ ಅಂದಿದ್ದೆ

ಮನೆ ತುಂಬ ಜನ ಇರುವವರು ಪರೀಕ್ಷೆಗೆ ಎಲ್ಲಿ ಕೂತು ಓದಬೇಕು ಎಂದು ಯಾರಾದರೂ ನನ್ನನ್ನು ಕೇಳಿದರೆ, ಹೊರಡದೆ ನಿಂತ ಬಸ್ಸಿನಲ್ಲಿ ಎಂದು ಹೇಳುತ್ತೇನೆ. ತಮಾಷೆಗಲ್ಲ. ಬನಶಂಕರಿಯ ನಿಲ್ದಾಣದಲ್ಲಿ ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ ಡ್ರೈವರು, ಕಂಡಕ್ಟರು ಊಟಕ್ಕೆ ಇಳಿದು ಹೋಗುತ್ತಿದ್ದರು. ಮುಕ್ಕಾಲು ಗಂಟೆ ಆ ಬಸ್ಸು ಯಾರದೂ ಅಲ್ಲ. ಮರದ ಕೆಳಗೆ ನಿಂತದ್ದನ್ನು ಆರಿಸಿಕೊಂಡರೆ ನೆರಳು, ಕಿಟಕಿಯಿಂದ ಗಾಳಿ, ಮಡಿಲಲ್ಲಿ ಪುಸ್ತಕ. ಅಕ್ಕಿ ಆರಿಸು, ನೀರು ಹಿಡಿ ಎನ್ನುವವರು ಇಲ್ಲ. ಆ ಬಸ್ಸು ಹೊರಟರೆ ಇಳಿದು ಇನ್ನೊಂದಕ್ಕೆ ಹತ್ತುವುದು. ಕಂಡಕ್ಟರುಗಳಿಗೆ ನಮ್ಮ ಮುಖ ಪರಿಚಯವಾಗಿಬಿಟ್ಟಿತ್ತು.

“ಏನ್ ಸಿಸ್ಟರ್, ಇವತ್ತು ಯಾವ ರೋಗ?” ಎಂದು ಕೇಳುತ್ತಿದ್ದರು.

“ಬಾರಪ್ಪ, ಅಂಗಿ ಬಿಚ್ಚು, ನೋಡಿ ಹೇಳ್ತೀವಿ” ಎಂದು ನನ್ನ ಜೊತೆಯಲ್ಲಿದ್ದವರು ಜವಾಬು ಕೊಡುತ್ತಿದ್ದರು. ಕಂಡಕ್ಟರು ನಾಚಿಕೊಂಡು ಟೀ ಅಂಗಡಿಯ ಕಡೆ ಹೋಗುತ್ತಿದ್ದ.

ಜೊತೆಯಲ್ಲಿದ್ದವರು ನಮ್ಮ ಆಸ್ಪತ್ರೆಯ ಹೃದಯದ ವಾರ್ಡನ್ನು ನೋಡಿಕೊಳ್ಳುತ್ತಿದ್ದ ದೊಡ್ಡ ಸಿಸ್ಟರು. ಎಲ್ಲರೂ ಹಾಗೇ ಕರೆಯುತ್ತಿದ್ದರು, ನಾನೊಬ್ಬಳು ಅಕ್ಕ ಎನ್ನುತ್ತಿದ್ದೆ. ಎಂಬತ್ತರ ದಶಕದ ಆರಂಭ ಅದು. ಜಯನಗರದಲ್ಲಿ ಅತ್ತ ದೊಡ್ಡದೂ ಅಲ್ಲದ ಇತ್ತ ಚಿಕ್ಕದೂ ಅಲ್ಲದ ಆಸ್ಪತ್ರೆ ನಮ್ಮದು. ಎರಡನೇ ಮಹಡಿಯ ಮೂಲೆಯಲ್ಲಿ ನಾಲ್ಕು ಮಂಚದ ಒಂದು ಕೋಣೆ. ಹೃದಯಾಘಾತವಾಗಿ ಬಂದವರನ್ನು ಮೊದಲ ಮೂರು ನಾಲ್ಕು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಜಾಗ. ಮಾನಿಟರುಗಳು ಎರಡೇ. ಅದರಲ್ಲೂ ಒಂದು, ತಲೆಯ ಮೇಲೆ ಮೊಟಕಿದರೆ ಮಾತ್ರ ನಡೆಯುವಂಥದು. ಮಿಕ್ಕ ಎರಡು ಮಂಚಗಳಿಗೆ ಅಕ್ಕನೇ ಮಾನಿಟರು. ರೋಗಿಯ ಮಣಿಕಟ್ಟು ಹಿಡಿದು, ನಾಡಿ ನೋಡುತ್ತಿದ್ದೇನೆ ಎಂದು ಅವನಿಗೆ ಗೊತ್ತಾಗದ ಹಾಗೆ ಮನೆಯ ವಿಚಾರ, ಮಳೆಯ ವಿಚಾರ ಮಾತಾಡಿಸುತ್ತ ನಿಂತಿರುತ್ತಿದ್ದರು. ನಡುವೆ ತಟ್ಟನೆ ಮಾತು ನಿಲ್ಲಿಸಿ “ಡಾಕ್ಟ್ರನ್ನ ಕರಿ” ಎಂದರೆ ನಾವು ಯಾಕೆ ಎಂದು ಕೇಳದೆ ಓಡುತ್ತಿದ್ದೆವು. ಅವರು ಸುಮ್ಮನೆ ಓಡಿಸಿದ್ದನ್ನು ನಾನು ನೋಡಿಲ್ಲ.

ಕನಕಪುರದ ಕಡೆಯ ಹಳ್ಳಿಯವರು. ಹೆರಿಗೆ ನರ್ಸಿನ ಎರಡು ವರ್ಷದ ತರಬೇತಿ ಬಿಟ್ಟರೆ ಬೇರೆ ಓದಿರಲಿಲ್ಲ. ಮಿಕ್ಕಿದ್ದೆಲ್ಲ ಕೆಲಸ ಮಾಡುತ್ತ ಕಲಿತದ್ದು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬನಶಂಕರಿ ಎರಡನೇ ಹಂತದಲ್ಲಿ ಒಂದು ಮನೆಯ ಹಿತ್ತಲಲ್ಲಿ, ಹಗಲಲ್ಲೂ ಕತ್ತಲಿರುವ ಕಿರುಕೋಣೆಯಲ್ಲಿ ಒಬ್ಬರೇ ಇದ್ದರು. ಆ ನಾಲ್ಕು ಮಂಚದ ಕೋಣೆ ಶುರುವಾದಾಗ ಕಿಟಕಿಗೆ ಪರದೆ ಹೊಲಿದು ಹಾಕಿದವರು ಅವರೇ, ಆಮ್ಲಜನಕದ ಸಿಲಿಂಡರಿಗೆ ಶುಕ್ರವಾರ ಕುಂಕುಮ ಇಡುತ್ತಿದ್ದವರೂ ಅವರೇ.

ನಾನು ಜರಗನಹಳ್ಳಿಯವಳು. ನಮ್ಮಮ್ಮ ಜಯನಗರದ ಫೋರ್ತ್ ಬ್ಲಾಕ್ ಮಾರ್ಕೆಟ್ಟಿನಲ್ಲಿ ಗೋಣಿ ಹಾಸಿಕೊಂಡು ಸೊಪ್ಪು ಮಾರುತ್ತಿದ್ದಳು. ಎಂಟನೇ ವಯಸ್ಸಿನಿಂದಲೇ ನಾನು ಆ ಗೋಣಿಯ ಮೇಲೆ ಕೂತು ಕಲಿತವಳು. ಯಾವ ಗಿರಾಕಿ ಬೈದು ಕೊಳ್ಳುತ್ತಾಳೆ, ಯಾವಳು ನಕ್ಕು ಹೋಗಿಬಿಡುತ್ತಾಳೆ ಎಂದು ಬರುವ ನಡಿಗೆಯಲ್ಲೇ ಹೇಳುತ್ತಿದ್ದೆ. ಓದಿದ್ದು, ನರ್ಸಿಂಗ್ ಸೀಟು, ಹಾಸ್ಟೆಲ್ಲಿನಲ್ಲಿ ಕಿಟಕಿ ಪಕ್ಕದ ಹಾಸಿಗೆ, ಎಲ್ಲವನ್ನೂ ಚೌಕಾಸಿ ಮಾಡಿಯೇ ಪಡೆದದ್ದು. ಯಾರೂ ಕೊಟ್ಟದ್ದಲ್ಲ. ಹಾಗಾಗಿ ಇನ್ನೊಬ್ಬರಿಗೆ ದಾರಿ ಹೇಳುವ ಚಟ ನನಗೆ ಬೇಗ ಹತ್ತಿತು. ಹೇಳಿದ್ದು ಫಲಿಸುತ್ತಲೂ ಇತ್ತು, ಅದೇ ತೊಂದರೆ.

ಆ ವರ್ಷ ಆಸ್ಪತ್ರೆಗೆ ಹೊಸ ಹೃದ್ರೋಗ ತಜ್ಞರು ಬಂದರು. ಹೊರಗೆಲ್ಲೋ ಕೆಲಸ ಮಾಡಿ ಬಂದವರು, ಒಳ್ಳೆಯವರು. ಅವರು ಬಂದ ಮೂರನೇ ತಿಂಗಳಿಗೆ ಮೇಟ್ರನ್ ನಮ್ಮನ್ನೆಲ್ಲ ಕರೆದು ಹೇಳಿದರು: ಹೃದಯದ ತೀವ್ರ ನಿಗಾ ಶುಶ್ರೂಷೆಗೆ ಆರು ತಿಂಗಳ ಸರ್ಟಿಫಿಕೇಟ್ ತರಬೇತಿ ಇಲ್ಲಿಯೇ ನಡೆಯುತ್ತದೆ, ಕೊನೆಗೆ ಬರವಣಿಗೆಯ ಪರೀಕ್ಷೆ, ಆಮೇಲೆ ಹೊರಗಿನ ಪರೀಕ್ಷಕರೊಬ್ಬರು ಬಂದು ಬಾಯಿಮಾತಿನ ಪರೀಕ್ಷೆ ಮಾಡುತ್ತಾರೆ, ಎಲ್ಲವೂ ಇಂಗ್ಲಿಷಿನಲ್ಲಿ. ಪಾಸಾದವರಷ್ಟೇ ಇನ್ನು ಆ ವಾರ್ಡಿನಲ್ಲಿರಬೇಕು, ಪಾಸಾದವರಲ್ಲಿ ಹಿರಿಯರು ಇನ್‌ಚಾರ್ಜ್. ವಯಸ್ಸು ನಲವತ್ತೈದು ದಾಟಿರಬಾರದು.

ಅಕ್ಕನಿಗೆ ನಲವತ್ತೈದು ತುಂಬಲು ಏಳು ತಿಂಗಳಿತ್ತು. ಒಂದೇ ಅವಕಾಶ, ಅದೂ ಅಂಚಿನಲ್ಲಿ.

“ಫೇಲಾದ್ರೆ?” ಎಂದು ನಾನೇ ಮೇಟ್ರನ್ನನ್ನು ಕೇಳಿದೆ.

“ಕೆಳಗೆ ಇಂಜೆಕ್ಷನ್ ರೂಮು ಖಾಲಿ ಇದೆ” ಎಂದರು.

ಆ ಸಂಜೆ ಅಕ್ಕ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಬಿಳಿ ಕ್ಯಾನ್ವಾಸ್ ಶೂಗಳಿಗೆ ಸೀಮೆಸುಣ್ಣ ಉಜ್ಜುತ್ತಿದ್ದರು. “ಆ ನಾಕು ಮಂಚ ಬಿಟ್ರೆ ನಂಗೆ ಬೇರೆ ಕಡೆ ಕೈ ಆಡಾಕಿಲ್ಲ ಕಣೇ” ಎಂದರು. ಅಷ್ಟೇ. ಅಳಲಿಲ್ಲ. ನಾನು ಪಕ್ಕದಲ್ಲಿ ಕೂತು ವ್ಯಾಪಾರಕ್ಕೆ ಇಳಿದೆ.

“ಅಕ್ಕಾ, ನಿಮ್ಗೆ ಇಂಗ್ಲಿಷ್ ನಾನ್ ಕೊಡ್ತೀನಿ. ನಂಗೆ ನೀವು ಆ ಕೈ ಕೊಡಿ.”

“ಯಾವ ಕೈಯೇ?”

“ನಾಡಿ ಹಿಡಿಯೋ ಕೈ.”

“ಸೊಪ್ಪಿನವಳ ಮಗಳು, ಬಿಡ್ತೀಯಾ ನೀನು” ಎಂದು ನಕ್ಕು ಒಪ್ಪಿಕೊಂಡರು.

ಓದಲು ಬೇಕಾದ್ದನ್ನೆಲ್ಲ ನಾನು ಹೊಂಚಿದೆ. ಇಸಿಜಿ ತೆಗೆಯುವ ಟೆಕ್ನಿಷಿಯನ್ ಕತ್ತರಿಸಿ ಎಸೆಯುತ್ತಿದ್ದ ಕಾಗದದ ತುಂಡುಗಳನ್ನು, ಆತನ ತಾಯಿಗೆ ಮನೆಗೆ ಹೋಗಿ ಇಂಜೆಕ್ಷನ್ ಕೊಟ್ಟು ಬದಲಿಗೆ ಪಡೆದೆ. ಹಳೇ ಕ್ಯಾಲೆಂಡರಿನ ಹಾಳೆಗಳ ಹಿಂಬದಿಗೆ ಅನ್ನದ ಗಂಜಿಯಲ್ಲಿ ಅವನ್ನು ಅಂಟಿಸಿದೆವು. ಕಾಗದದ ಮೇಲೆ ಹೃದಯ ಬಡಿಯುವ ಗುರುತು ಎಂದರೆ ಮೊದಲು ಒಂದು ಪುಟ್ಟ ಉಬ್ಬು, ಆಮೇಲೆ ಚೂಪಾಗಿ ಮೇಲೇರಿ ಇಳಿಯುವ ಗೆರೆ, ಕೊನೆಗೆ ಇನ್ನೊಂದು ಉಬ್ಬು. ಪುಸ್ತಕದಲ್ಲಿ ಅವಕ್ಕೆ ಇಂಗ್ಲಿಷಿನ ಬಿಡಿ ಅಕ್ಷರಗಳ ಹೆಸರು. ಅಕ್ಕ ಅವನ್ನು ಮೊಗ್ಗು, ಗೋಪುರ, ದಿಬ್ಬ ಎಂದು ಕರೆಯುತ್ತಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಮಾನಿಟರಿನ ಹಸಿರು ಗೆರೆಯನ್ನು ವರ್ಷಗಟ್ಟಲೆ ಒಬ್ಬರೇ ನೋಡುತ್ತ ಕೂತು ಇಟ್ಟುಕೊಂಡ ಹೆಸರುಗಳು. ಹೃದಯದ ಬಡಿತ ನಡುವೆ ಒಮ್ಮೆ ಅವಸರವಾಗಿ ಬಂದರೆ ‘ಎಡವಿತು’. ಸಾಲಾಗಿ ಮೂರು ಸಲ ಎಡವಿದರೆ ಡಾಕ್ಟರನ್ನು ಕರೆಯಬೇಕು. ಗೆರೆ ಪೂರ್ತಿ ಹಲ್ಲುಹಲ್ಲಾದರೆ ‘ಗರಗಸ’, ಆಗ ನಡೆಯಬಾರದು, ಓಡಬೇಕು.

ಒಂದು ಮಧ್ಯಾಹ್ನ ಬಸ್ಸಿನಲ್ಲಿ ಕೂತು ನಾನು ಹಾರ್ಟ್ ಬ್ಲಾಕ್ ಎಂಬ ಪಾಠವನ್ನು ಮೂರನೇ ಸಲ ಓದುತ್ತಿದ್ದೆ. ಹೃದಯದ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂದೇಶ ಹೋಗುವ ದಾರಿಯಲ್ಲಿ ಅಡ್ಡಿ. ಒಂದನೇ ಡಿಗ್ರಿ, ಎರಡನೇ ಡಿಗ್ರಿ, ಅದರಲ್ಲಿ ಟೈಪ್ ಒಂದು, ಟೈಪ್ ಎರಡು. ನನ್ನ ತಲೆಗೆ ಹತ್ತಲಿಲ್ಲ.

“ತತ್ತಾ ಇಲ್ಲಿ” ಎಂದು ಅಕ್ಕ ಹಾಳೆಯನ್ನು ಕಸಿದುಕೊಂಡರು. ಕಾಗದದ ಮೇಲೆ ಉಗುರು ಓಡಿಸಿದರು. “ನೋಡು, ಇದು ನಮ್ಮ ಬನಶಂಕರಿ ಬಸ್ಸು. ಮೊಗ್ಗು ಅಂದ್ರೆ ನೀನು ಸ್ಟಾಪಿಗೆ ಬಂದೆ ಅಂತ. ಗೋಪುರ ಅಂದ್ರೆ ಬಸ್ಸು ಬಂತು ಅಂತ. ಮೊದಲ್ನೇ ಬಸ್ಸು ಬೇಗ ಬಂತಾ? ಎರಡ್ನೇದು ವಸಿ ಲೇಟು. ಮೂರ್ನೇದು ಇನ್ನೂ ಲೇಟು. ನಾಕನೇದು?”

“ಬರ್ಲೇ ಇಲ್ಲ!”

“ಹಾಂ. ಬರ್ಲಿಲ್ಲ. ಆಮೇಲೆ ಮತ್ತೆ ಬೇಗ ಬತ್ತದೆ, ಮತ್ತೆ ಲೇಟು, ಮತ್ತೆ ಇಲ್ಲ. ಇಂಥದ್ದಕ್ಕೆ ಹೆದರ್ಬೇಡ, ಕಣ್ಣಿಟ್ಟಿರು ಸಾಕು. ಹೇಳ್ಕೊಂಡು ಕೈಕೊಡೋ ಬಸ್ಸು. ಆದ್ರೆ ಇನ್ನೊಂದೈತೆ, ಟೈಮಿಗೆ ಸರ್ಯಾಗಿ ಬತ್ತಿರ್ತದೆ, ಒಂದು ನಿಮಿಷ ಲೇಟಿಲ್ಲ, ಇದ್ದಕ್ಕಿದ್ದಂಗೆ ಒಂದಿನ ಬರಾಕಿಲ್ಲ. ಅದು ಕೆಟ್ಟದ್ದು ಮಗಾ. ಅದು ಬಂದ್ರೆ ಪೂರ್ತಿ ನಿಂತೋಗೋಕೆ ಮುಂಚೆ ಡಾಕ್ಟ್ರು ಬರ್ಬೇಕು.”

ಪುಸ್ತಕದಲ್ಲಿ ಎರಡು ಪುಟ ಇದ್ದದ್ದು ಇಷ್ಟೇ. ಮೊದಲನೆಯದು ಸೆಕೆಂಡ್ ಡಿಗ್ರಿ, ಟೈಪ್ ಒನ್. ಎರಡನೆಯದು ಟೈಪ್ ಟೂ. ಆ ದಿನದ ನಂತರ ನಾನು ಅವೆರಡನ್ನು ಬೆರೆಸಿದ್ದಿಲ್ಲ.

ಅವರಿಗೆ ನಾನು ಕೊಡಬೇಕಾದದ್ದನ್ನು ಕೊಡುವುದು ಮಾತ್ರ ಕಷ್ಟವಾಯಿತು. ಸೆಕೆಂಡ್ ಡಿಗ್ರಿ ಎಂದು ಹೇಳಿಕೊಟ್ಟರೆ, “ನಂಗೆ ಒಂದು ಡಿಗ್ರಿ ಇಲ್ಲ, ಈ ದರಿದ್ರಕ್ಕೆ ನೋಡು, ಎರಡೆರಡು!” ಎನ್ನುತ್ತಿದ್ದರು. ನಗು. ಆಮೇಲೆ ಮರೆತುಹೋಗುವುದು. ಬರೆಯುವ ಭಾಗಕ್ಕೆ ಹೇಗೋ ದಾರಿ ಹುಡುಕಿದೆ. ಪ್ರಶ್ನೆಗಳು ಒಂದು ಮೂವತ್ತು ಸುತ್ತಿ ಸುತ್ತಿ ಬರುತ್ತವೆ, ಉತ್ತರವನ್ನು ಚಿತ್ರ ಬಿಡಿಸುವ ಹಾಗೆ ಅಕ್ಷರ ಅಕ್ಷರ ಕಲಿಯಿರಿ ಎಂದೆ. ಅವರು ರಾಗಿ ಮುದ್ದೆ ತಿರುವುತ್ತ ಒಂದೊಂದು ಸಾಲು ಹೇಳಿಕೊಂಡು ಕಲಿತರು. ಬಾಯಿಮಾತಿನ ಪರೀಕ್ಷೆಯೇ ಭಯ. ಕಾಗದ ತೋರಿಸಿ ಏನಿದು ಎಂದು ಕೇಳಿದ ಕೂಡಲೇ ಅವರ ಬಾಯಿಗೆ ಬರುವುದು ಎಡವಿತು, ಗರಗಸ, ಬಸ್ಸು. ಒಂದು ಸಲ ತರಗತಿಯಲ್ಲಿ ಹೊಸ ತಜ್ಞರ ಎದುರಿಗೇ “ಸಾರ್, ಎಡವ್ತಾ ಐತೆ” ಎಂದರು. ಹಿಂದಿನ ಬೆಂಚಿನ ಎಳೆಯ ನರ್ಸುಗಳು ಕಿಸಕ್ಕೆಂದರು. ಒಬ್ಬಳು “ಕಲ್ಲು ಇತ್ತೇನೋ ನೋಡಿ” ಎಂದಳು. ಅಕ್ಕ ತಲೆ ತಗ್ಗಿಸಿದ್ದು ನನಗೆ ಸಹಿಸಲಾಗಲಿಲ್ಲ.

ಅಂದೇ ಬಸ್ಸಿನಲ್ಲಿ ನಾನು ಕಟ್ಟುನಿಟ್ಟು ಮಾಡಿದೆ. “ಅಕ್ಕಾ, ಇನ್ಮೇಲೆ ಆ ಹೆಸರುಗಳನ್ನ ಹೇಳ್ಲೇಬೇಡಿ. ನನ್ನ ಹತ್ರನೂ ಬೇಡ. ಗೊತ್ತಿದ್ರೆ ಇಂಗ್ಲಿಷಲ್ಲಿ ಹೇಳಿ, ಗೊತ್ತಿಲ್ದಿದ್ರೆ ‘ಐ ಡೋಂಟ್ ನೋ ಸರ್’ ಅಂತ ನೀಟಾಗಿ ಹೇಳಿ. ಒಂದಕ್ಕೆ ಗೊತ್ತಿಲ್ಲ ಅಂದ್ರೆ ಮುಂದಿನ್ದಕ್ಕೆ ಹೋಗ್ತಾರೆ.”

“ಐ ಡೋಂಟ್ ನೋ ಸರ್” ಎಂದರು ಅಕ್ಕ. ಆ ಒಂದು ವಾಕ್ಯ ಮೊದಲ ಸಲಕ್ಕೇ ಎಷ್ಟು ಶುದ್ಧವಾಗಿ ಬಂತೆಂದರೆ ಇಬ್ಬರೂ ಚಪ್ಪಾಳೆ ತಟ್ಟಿದೆವು.

“ಸರಿ, ಆ ಸಾಹೇಬ್ರೇ ಕನ್ನಡದಲ್ಲಿ ಕೇಳಿದ್ರೆ?” ಎಂದು ಸ್ವಲ್ಪ ಹೊತ್ತಿನ ಮೇಲೆ ಕೇಳಿದರು.

ಈ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದು ಹೇಳುವ ಅಭ್ಯಾಸವೂ ನನಗಿರಲಿಲ್ಲ. ಮಾರ್ಕೆಟ್ಟಿನಲ್ಲಿ ನಮ್ಮಮ್ಮ ಹೇಳುತ್ತಿದ್ದ ಮಾತು ನೆನಪಾಯಿತು, ಬಂದವಳು ಮೊದಲೇ ಅಕ್ಕಾ ತಾಯಿ ಎಂದರೆ ತಕ್ಕಡಿ ಗಟ್ಟಿಯಾಗಿ ಹಿಡಿ ಎಂದು. ಅದರ ಮೇಲೇ ಒಂದು ಮಾತು ಕಟ್ಟಿದೆ.

“ಅದೇ ಅಕ್ಕಾ ಬಲೆ. ನಯವಾಗಿ ಕನ್ನಡದಲ್ಲಿ ಕೇಳ್ತಾರಂತೆ. ನಾವು ಕನ್ನಡದಲ್ಲಿ ಹೇಳಿದ್ವೋ, ಇಂಗ್ಲಿಷ್ ಬರಲ್ಲ ಅಂತ ಬರ್ಕೊಂಡು ಫೇಲ್ ಮಾಡ್ತಾರಂತೆ. ಬೇರೆ ಆಸ್ಪತ್ರೆಯವ್ರು ಹೇಳಿದ್ದು ಕೇಳಿದೀನಿ. ಏನಾದ್ರೂ ಆಗ್ಲಿ, ಕನ್ನಡದಲ್ಲಿ ಬಾಯಿ ಬಿಡಬೇಡಿ.”

ಕೇಳಿದೀನಿ ಎಂದದ್ದು ಸುಳ್ಳು. ನನಗೆ ಯಾರೂ ಹೇಳಿರಲಿಲ್ಲ. ಸಲಹೆಗೆ ತೂಕ ಬರಲಿ ಎಂದು ಬೇರೆಯವರ ಹೆಸರು ಸೇರಿಸುವುದು ವ್ಯಾಪಾರದಲ್ಲಿ ದಿನವೂ ಮಾಡುವ ಕೆಲಸ. ಪಕ್ಕದ ಬೀದಿಯ ಅಮ್ಮನವರು ನೆನ್ನೆ ಇದನ್ನೇ ತಗೊಂಡ್ರು ಅನ್ನುವುದಿಲ್ಲವೇ, ಹಾಗೆ.

ಬರವಣಿಗೆಯ ಪರೀಕ್ಷೆಯಲ್ಲಿ ಅಕ್ಕ ಅಂಚಿನಲ್ಲಿ ಪಾಸಾದರು. ವಾರ್ಡಿನಲ್ಲಿ ಎಲ್ಲರಿಗೂ ಮೈಸೂರು ಪಾಕು ಹಂಚಿದರು. ಬಾಯಿಮಾತಿನ ಪರೀಕ್ಷೆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ.

“ರಾಹುಕಾಲದಲ್ಲಿ ಇಟ್ಟವ್ರಲ್ಲೇ, ಮನೆಹಾಳರು” ಎಂದು ಬೈದುಕೊಂಡೇ, ಬೆಳಿಗ್ಗೆ ಗುಡಿಗೆ ಹೋಗಿ ಬಂದಿದ್ದರು. ಗಂಜಿ ಹಾಕಿ ಇಸ್ತ್ರಿ ಮಾಡಿದ ಸೀರೆ, ತಲೆಯ ಟೋಪಿಗೆ ಹೊಸ ಪಿನ್ನು. ಕೆಳಗಿನ ಉಪನ್ಯಾಸದ ಕೋಣೆಯ ಬಾಗಿಲಿಗೆ ಪರದೆ ಮಾತ್ರ ಇತ್ತು. ಅಕ್ಕ ಒಳಗೆ ಹೋದರು. ಅವರಾದ ಮೇಲೆ ನನ್ನ ಸರದಿ, ಹಾಗಾಗಿ ಪರದೆಯ ಈಚೆಯ ಸ್ಟೂಲಿನ ಮೇಲೆ ನಾನು ಕೂತಿದ್ದೆ. ಎಲ್ಲವೂ ಕೇಳುತ್ತಿತ್ತು.

ಮೊದಲ ಎರಡು ಪ್ರಶ್ನೆಗಳಿಗೆ ಕಂಠಪಾಠ ಮಾಡಿದ್ದನ್ನು ಒಪ್ಪಿಸಿದರು. ಔಷಧಿಯ ಹೆಸರು, ಪ್ರಮಾಣ, ಎಲ್ಲ ಸರಿ. ಆಮೇಲೆ ಕಾಗದ ಬಿಚ್ಚಿದ ಸದ್ದು.

“ವಾಟ್ ಈಸ್ ದಿಸ್, ಸಿಸ್ಟರ್?”

ಫ್ಯಾನು ಕಟಕಟ ಎನ್ನುತ್ತಿತ್ತು. ಪರೀಕ್ಷಕರು ಇನ್ನೊಮ್ಮೆ ಕೇಳಿದರು. ಮತ್ತೂ ಫ್ಯಾನಿನ ಸದ್ದೇ. ಆಗ ಅವರು ದನಿ ತಗ್ಗಿಸಿ, ಮೈಸೂರಿನ ಕಡೆಯ ಮೃದು ಕನ್ನಡದಲ್ಲಿ ಹೇಳಿದ್ದು ನನಗೆ ಈಗಲೂ ಹಾಗೆಯೇ ಕೇಳುತ್ತದೆ.

“ಗಾಬರಿ ಮಾಡ್ಕೋಬೇಡಿ ಅಮ್ಮ. ಇಷ್ಟು ವರ್ಷ ವಾರ್ಡ್ ನೋಡ್ಕೊಂಡಿದೀರಂತೆ. ಹೆಸರು ಬಿಡಿ, ಕನ್ನಡದಲ್ಲೇ ಹೇಳಿ, ಏನಾಗ್ತಾ ಇದೆ ಇಲ್ಲಿ?”

ನಾನು ಸ್ಟೂಲಿನಿಂದ ಅರ್ಧ ಎದ್ದೆ. ಹೇಳಿ ಅಕ್ಕಾ, ಹೇಳಿಬಿಡಿ ಎಂದು ಬಾಯಿಯವರೆಗೆ ಬಂತು. ಪರದೆ ಎತ್ತಿ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು? ಬೈದು ಕಳಿಸುತ್ತಿದ್ದರು, ಅಷ್ಟೇ. ನಾನು ಎತ್ತಲಿಲ್ಲ.

“ಐ ಡೋಂಟ್ ನೋ ಸರ್” ಎಂದರು ಅಕ್ಕ. ಸ್ಪಷ್ಟವಾಗಿ, ನೀಟಾಗಿ.

“ಕನ್ನಡದಲ್ಲೇ ಪರವಾಗಿಲ್ಲಮ್ಮ.”

“ಐ ಡೋಂಟ್ ನೋ ಸರ್.”

ಅವರು ಹೊರಗೆ ಬಂದರು, ನಾನು ಒಳಗೆ ಹೋದೆ. ಮೇಜಿನ ಮೇಲೆ ಅದೇ ಕಾಗದ ಇತ್ತು. ನೋಡಿದ ಕೂಡಲೇ ಗೊತ್ತಾಯಿತು. ಒಂದು ಬೇಗ, ಒಂದು ಲೇಟು, ಇನ್ನೊಂದು ಇನ್ನೂ ಲೇಟು, ಆಮೇಲೆ ಇಲ್ಲ. “ಸೆಕೆಂಡ್ ಡಿಗ್ರಿ ಹಾರ್ಟ್ ಬ್ಲಾಕ್, ಟೈಪ್ ಒನ್, ಸರ್” ಎಂದೆ. ಮುಂದೇನು ಮಾಡಬೇಕು ಎಂಬುದನ್ನೂ ಹೇಳಿದೆ. ಪರೀಕ್ಷಕರು ತಲೆಯಾಡಿಸಿ ಬರೆದುಕೊಂಡರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು.

“ಈಗ ಹೋದ್ರಲ್ಲ ಆ ಸಿಸ್ಟರು, ಅವ್ರಿಗೆ ನಿಜವಾಗ್ಲೂ ಇದು ಗೊತ್ತಿಲ್ವೇನಮ್ಮ?”

ಬಾಳೆಹಣ್ಣಿಗೂ ಬಸ್ಸಿನ ಸೀಟಿಗೂ ಡ್ಯೂಟಿಯ ಭಾನುವಾರಕ್ಕೂ ಬಿಡದೆ ಚೌಕಾಸಿ ಮಾಡಿದವಳು ನಾನು. ಅಲ್ಲಿ ಹೇಳಬೇಕಾಗಿದ್ದದ್ದು ಒಂದೇ ಮಾತು. ಗೊತ್ತು ಸಾರ್, ನನಗೆ ಹೇಳಿಕೊಟ್ಟವರೇ ಅವರು, ಇನ್ನೊಮ್ಮೆ ಕರೆಯಿರಿ. ಆದರೆ ಆ ಮಾತಿನ ಹಿಂದೆಯೇ ಇನ್ನೊಂದು ಪ್ರಶ್ನೆ ಬರುತ್ತಿತ್ತು, ಮತ್ತೆ ಯಾಕೆ ಸುಮ್ಮನಿದ್ದರು ಎಂದು. ನನ್ನ ಅಂಕಗಳು ಇನ್ನೂ ಅವರ ಪೆನ್ನಿನ ಕೆಳಗೆ ಇದ್ದವು.

“ಹೆದ್ರಿಕೊಂಡಿರ್ಬೇಕು ಸಾರ್” ಎಂದೆ.

“ಛೆ” ಎಂದರು, ಪೆನ್ನು ಎತ್ತಿಕೊಂಡರು.

ಅಕ್ಕ ಫೇಲಾದರೆ ಆ ವಾರ್ಡು ನನಗೆ ಬರುತ್ತದೆ ಎಂಬುದು ಆ ಗಳಿಗೆಯಲ್ಲಿ ನನಗೆ ಹೊಳೆದಿತ್ತೇ? ಹೊಳೆದಿರಲಿಲ್ಲ ಎಂದು ಬರೆಯಲು ಎಷ್ಟೋ ಸಲ ಕೂತಿದ್ದೇನೆ. ಕೈ ಬರುವುದಿಲ್ಲ.

ಹೊರಗೆ ಅಕ್ಕ ಗೇಟಿನ ಬಳಿ ಕಡಲೆಕಾಯಿ ಪೊಟ್ಟಣ ಹಿಡಿದು ಕಾಯುತ್ತಿದ್ದರು. ಮುಖ ಅರಳಿತ್ತು.

“ಅದು ನಮ್ಮ ಬಸ್ಸೇ ಅಲ್ವೇನೇ?”

“ಹೂಂ ಅಕ್ಕಾ.”

“ನಂಗೆ ನೋಡ್ತಿದ್ದಂಗೇ ಗೊತ್ತಾಯ್ತು. ಆ ಡಿಗ್ರಿ ಯಾವ್ದು ಅಂತ ನಾಲಿಗೆಗೆ ಬರ್ಲಿಲ್ಲ. ಆದ್ರೆ ನೋಡು, ನೀನ್ ಹೇಳ್ದಂಗೇ ಆಯ್ತು! ಕನ್ನಡದಲ್ಲಿ ಕೇಳ್ದ ಕಣೇ, ಎರಡು ಸಲ, ಬೆಣ್ಣೆ ಹಚ್ದಂಗೆ. ನಾನು ಬಾಯೇ ಬಿಡ್ಲಿಲ್ಲ.”

ನನ್ನ ಕೈಗೆ ಒಂದು ಹಿಡಿ ಕಡಲೆಕಾಯಿ ಸುರಿದರು. ಬಲೆಯಿಂದ ತಪ್ಪಿಸಿಕೊಂಡ ಹೆಮ್ಮೆಯಲ್ಲಿ ಬನಶಂಕರಿಯವರೆಗೂ ಅದನ್ನೇ ಹೇಳುತ್ತ ಬಂದರು. ನಾನು ಕಡಲೆಕಾಯಿ ಸುಲಿದು ಸುಲಿದು ತಿಂದೆ. ತಿನ್ನುವುದನ್ನು ನಿಲ್ಲಿಸಿದರೆ ಏನಾದರೂ ಕೇಳುತ್ತಾರೆ ಎಂದು ಭಯ.

ಎರಡು ವಾರಕ್ಕೆ ಪಟ್ಟಿ ಬಂತು. ನಾನು ಮತ್ತು ಇನ್ನೊಬ್ಬಳು ಕಿರಿಯವಳು ಪಾಸು. ಅಕ್ಕನ ಹೆಸರಿನ ಮುಂದೆ ಬಾಯಿಮಾತಿನ ಪರೀಕ್ಷೆಯಲ್ಲಿ ಅನುತ್ತೀರ್ಣ ಎಂದಿತ್ತು. ನಾನು ನೇರ ಮೇಟ್ರನ್ ಕೋಣೆಗೆ ಹೋದೆ. ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಎಂದೆ. ಆಗಲ್ಲ ಎಂದರು. ಹಾಗಾದರೆ ವಯಸ್ಸಿನ ನಿಯಮ ಸಡಿಲಿಸಿ, ಮುಂದಿನ ವರ್ಷ ಕೂರುತ್ತಾರೆ ಎಂದೆ. ಅದೂ ಇಲ್ಲ. ಕೊನೆಗೆ, ಅವರು ಇನ್‌ಚಾರ್ಜ್ ಆಗಿರಲಿ, ಸಹಿ ಮಾತ್ರ ನಾನು ಹಾಕುತ್ತೇನೆ ಎಂದೆ.

“ಇದೇನು ಫೋರ್ತ್ ಬ್ಲಾಕ್ ಮಾರ್ಕೆಟ್ ಅಂದ್ಕೊಂಡ್ಯಾ?” ಎಂದರು ಮೇಟ್ರನ್, ಕೋಪವಿಲ್ಲದೆ. “ಪರೀಕ್ಷಕರು ಆಕೆಗೆ ಕನ್ನಡದಲ್ಲೂ ಅವಕಾಶ ಕೊಟ್ಟೆ ಅಂತ ಬರೆದಿದ್ದಾರೆ. ಇನ್ನೇನು ಮಾಡ್ಬೇಕು ಹೇಳು.”

ಒಂದು ಬುದ್ಧಿಮಾತು ಇಲ್ಲಿ ಹೇಳಬಹುದು, ಚೌಕಾಸಿಗೂ ಒಂದು ಹೊತ್ತಿದೆ ಎಂದು. ಸೊಪ್ಪು ಬಾಡಿದ ಮೇಲೆ ಕೂಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಆದರೆ ಇದು ಯಾರಿಗೆ ಗೊತ್ತಿಲ್ಲ?

ತಿಂಗಳ ಮೊದಲನೇ ತಾರೀಕು ಬೆಳಿಗ್ಗೆ ಅಕ್ಕ ನನಗೆ ವಾರ್ಡು ಒಪ್ಪಿಸಿದರು. ಹಾಸಿಗೆ ಬಟ್ಟೆ, ಸಿರಿಂಜು, ತುರ್ತಿನ ಔಷಧಿಯ ತಟ್ಟೆ, ಒಂದೊಂದನ್ನೂ ಮುಟ್ಟಿ ಎಣಿಸಿ. ರೋಗಿಗಳಿಗೆ “ಇನ್ಮೇಲೆ ಈ ಸಿಸ್ಟರು ನೋಡ್ಕೋತಾರೆ, ನನ್ಗಿಂತ ಚೆನ್ನಾಗ್ ಓದವ್ರೆ” ಎಂದರು. ಎರಡನೇ ಮಂಚದ ಮುದುಕರು ಅವರ ಕೈ ಬಿಡಲಿಲ್ಲ. “ಏ ಬಿಡಿ ತಾತ, ಕೆಳಗೇ ಇರ್ತೀನಿ, ಓಡಾಡೋ ಹಂಗಾದ್ಮೇಲೆ ಬಂದು ಚುಚ್ಚಿಸ್ಕೊಳ್ಳಿ” ಎಂದು ಬಿಡಿಸಿಕೊಂಡರು.

ದಾಸ್ತಾನು ಕೋಣೆಯಲ್ಲಿ ಇಬ್ಬರೇ ಇದ್ದಾಗ ನಾನು ಹೇಳಿಬಿಟ್ಟೆ.

“ಅಕ್ಕಾ, ಕನ್ನಡದಲ್ಲಿ ಹೇಳಿದ್ರೆ ಫೇಲ್ ಮಾಡ್ತಾರೆ ಅಂತ ನಂಗೆ ಯಾರೂ ಹೇಳಿರ್ಲಿಲ್ಲ. ನಾನೇ ಅಂದದ್ದು.”

ಅವರು ಟವೆಲು ಎಣಿಸುತ್ತಿದ್ದರು. ಹನ್ನೆರಡೋ ಹದಿಮೂರೋ ಬಂದಿತ್ತು. ನಿಲ್ಲಿಸಿದರು. ನಾನು ಬೈಗುಳಕ್ಕೆ ಕಾದೆ, ಬೈದಿದ್ದರೆ ಕಾಲು ಹಿಡಿಯುತ್ತಿದ್ದೆ. ಅವರು ಟವೆಲುಗಳನ್ನು ಮತ್ತೆ ಕೆಳಗಿಟ್ಟು ಒಂದರಿಂದ ಎಣಿಸಿದರು. ಇಪ್ಪತ್ತನಾಲ್ಕಾದವು. ಬೀಗದ ಕೈಗೊಂಚಲು ನನ್ನ ಮುಂದೆ ಇಟ್ಟರು.

“ಆಲ್ ಕರೆಕ್ಟ್, ಸಿಸ್ಟರ್” ಎಂದರು.

ಸಂಕಟಕ್ಕೆ ಹಾಗೆ ಅಂದರು, ಒಂದು ವಾರದಲ್ಲಿ ಸರಿಹೋಗುತ್ತದೆ ಎಂದುಕೊಂಡೆ. ಇಂಜೆಕ್ಷನ್ ಕೋಣೆಯ ಮುಂದೆ ಹಾದುಹೋಗುವಾಗ ಒಳಗಿನಿಂದ ಅವರ ದನಿ ಕೇಳುತ್ತಿತ್ತು. “ಬಾರಪ್ಪ, ತೋಳು ಸಡ್ಲ ಬಿಡು. ಇಷ್ಟ್ ದಪ್ಪ ಮೀಸೆ ಇಟ್ಕೊಂಡು ಸೂಜಿಗೆ ಹೆದ್ರುತೀಯಲ್ಲೋ.” ಸಾಲಿನಲ್ಲಿದ್ದವರು ನಗುತ್ತಿದ್ದರು. ಬಾಗಿಲಲ್ಲಿ ನಾನು ಕಂಡರೆ “ಗುಡ್ ಮಾರ್ನಿಂಗ್, ಸಿಸ್ಟರ್”. ಅದರಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಜಗಳವಾದರೂ ಆಡಬಹುದಿತ್ತು.

ಮೂರು ತಿಂಗಳ ಮೇಲೆ ಒಂದು ಬೆಳಿಗ್ಗೆ ನಾಲ್ಕನೇ ಮಂಚದವರ ಗೆರೆ ಅಲ್ಲಲ್ಲಿ ತಪ್ಪಲು ಶುರುವಾಯಿತು. ನನಗೆ ಅನುಮಾನ ಇತ್ತು, ಧೈರ್ಯ ಇರಲಿಲ್ಲ. ತಜ್ಞರು ಇನ್ನೂ ಬಂದಿರಲಿಲ್ಲ. ಸುಳ್ಳೇ ಕರೆಸಿದೆ ಎಂದಾದರೆ ಎಂಬ ಅಳುಕು. ಕಿರಿಯವಳನ್ನು ರೋಗಿಯ ಬಳಿ ನಿಲ್ಲಿಸಿ ಇಸಿಜಿಯ ಕಾಗದ ಹರಿದುಕೊಂಡು ಮೆಟ್ಟಿಲು ಇಳಿದು ಓಡಿದೆ. ಸಾಲನ್ನು ಸರಿಸಿ ಒಳಗೆ ಹೋಗಿ ಅಕ್ಕನ ಮುಂದೆ ಹಿಡಿದೆ.

“ಅಕ್ಕಾ, ಯಾವ ಬಸ್ಸು ಇದು?”

ಅವರು ಕೈ ಒರೆಸಿಕೊಂಡು ಕಾಗದವನ್ನು ಬೆಳಕಿಗೆ ಹಿಡಿದರು. ಉಗುರು ಓಡಿಸಿದರು. ತುಟಿ ಅಲ್ಲಾಡಿತು.

“ಸೆಕೆಂಡ್ ಡಿಗ್ರಿ ಹಾರ್ಟ್ ಬ್ಲಾಕ್, ಟೈಪ್ ಟೂ” ಎಂದರು. ಒಂದು ಅಕ್ಷರ ತಪ್ಪಿಲ್ಲದೆ. “ಇನ್‌ಫಾರ್ಮ್ ಡಾಕ್ಟರ್, ಸಿಸ್ಟರ್. ಇಮ್ಮೀಡಿಯೇಟ್ಲಿ.”

ಕಾಗದ ನನ್ನ ಕೈಗೆ ಕೊಟ್ಟು, ಸಾಲಿನ ಮುಂದಿನವರನ್ನು “ಬಾಮ್ಮ, ಮಗೀನ ಈ ಕಡೆ ತಿರುಗ್ಸು” ಎಂದು ಕರೆದರು. ತಜ್ಞರು ಬಂದರು, ಆ ರೋಗಿಯನ್ನು ಹೊತ್ತು ಮೀರುವ ಮುಂಚೆ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು, ಅವರು ಉಳಿದರು. ತಜ್ಞರು ನನ್ನನ್ನು ಎಲ್ಲರ ಮುಂದೆ ಹೊಗಳಿದರು. ಸರ್ಟಿಫಿಕೇಟಿನ ಗುಣ ಇದು ಎಂದರು.

ಅದಾದ ಮೇಲೆ ನಾವು ಒಂದೇ ಕಟ್ಟಡದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದೆವು. ಆಯಾಗಳು, ರೋಗಿಗಳು, ಗೇಟಿನವನು, ಎಲ್ಲರ ಜೊತೆ ಅಕ್ಕನ ಕನ್ನಡ ಎಂದಿನಂತೆ ಹರಿಯುತ್ತಿತ್ತು. ನನ್ನ ಪಾಲಿಗೆ ಮಾತ್ರ ನಾನೇ ಕಲಿಸಿದ ಇಂಗ್ಲಿಷು. ನಾನು ಕನ್ನಡದಲ್ಲಿ ಕೇಳಿದರೂ ಉತ್ತರ ಅದರಲ್ಲೇ, ಚಿಕ್ಕದಾಗಿ, ತಪ್ಪಿಲ್ಲದಂತೆ.

ನಮ್ಮಮ್ಮ ತೀರಿಕೊಂಡ ದಿನ ಅವರು ಜರಗನಹಳ್ಳಿಗೆ ಬಂದರು. ನಮ್ಮ ಮನೆ ಹುಡುಕಿಕೊಂಡು ನಡೆದೇ ಬಂದಿದ್ದರು. ಅಮ್ಮನ ತಲೆಯ ಬಳಿ ಕೂತು, ಕೆದರಿದ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದರು. ಅಳುತ್ತಿದ್ದ ನನ್ನ ಸೋದರತ್ತೆಗೆ “ಅಳಬೇಡ ಕಣವ್ವ, ಪುಣ್ಯಾತ್ಗಿತ್ತಿ, ನರಳ್ದೆ ಹೋದ್ಳು” ಎಂದರು. ಪಕ್ಕದ ಮನೆಯವರಿಗೆ ಒಲೆ ಹಚ್ಚಿ ಎಲ್ಲರಿಗೂ ಕಾಫಿ ಮಾಡಲು ಹೇಳಿದರು. ಎಲ್ಲ ಮುಗಿಯುವವರೆಗೂ ಇದ್ದರು. ಹೊರಡುವಾಗ ನನ್ನ ಬಳಿ ಬಂದು ಎರಡೂ ಕೈ ಹಿಡಿದುಕೊಂಡರು. ಆ ಕೈಗಳು ಬಿಸಿಯಾಗಿದ್ದವು. ಬೆರಳುಗಳು ನನ್ನ ನಾಡಿಯ ಮೇಲೆ ಬಂದು ಕೂತವು, ಅಭ್ಯಾಸಬಲ. ಒಂದು ನಿಮಿಷ ಹಾಗೆಯೇ ನನ್ನ ಮುಖ ನೋಡುತ್ತ ನಿಂತರು. ಈಗ ಹೇಳುತ್ತಾರೆ, ಲೇ ಸೊಪ್ಪಿನವಳ ಮಗಳೇ ಎನ್ನುತ್ತಾರೆ ಎಂದು ನಾನು ಕಾಯುತ್ತಿದ್ದೆ.

“ವೆರಿ ಸಾರಿ, ಸಿಸ್ಟರ್” ಎಂದರು.

ಥ್ಯಾಂಕ್ಯೂ ಎಂದೆ.